ನರಹುಲಿ, ಎಚ್‌ಪಿವಿ ಮತ್ತು ಚರ್ಮದ ಕ್ಯಾನ್ಸರ್

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಎಂಟು ವರ್ಷದ ಹಿಂದೆ ಕಿಡ್ನಿ ಕಸಿ ಆಗಿದೆ. ಈಗ ಎರಡೂ ಕೈ ಮೇಲೆ ಹತ್ತಾರು ನರಹುಲಿ ಎದ್ದಿವೆ. ಇವೂ ಎಚ್‌ಪಿವಿಯಿಂದಲೇ ಬರುವುದು, ಮುಂದೆ ಕ್ಯಾನ್ಸರ್ ಆಗುತ್ತದೆ ಎಂದು ಯಾರೋ ಹೆದರಿಸಿದ್ದಾರೆ. ಮಗಳಿಗೆ ಹಾಕಿಸುವ ಎಚ್‌ಪಿವಿ ಲಸಿಕೆಯನ್ನೇ ಅವರಿಗೂ ಹಾಕಿಸಬಹುದೇ?
– ಓದುಗರು, ಹಾಸನ

ಉತ್ತರ: ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಅಂದರೆ ಒಂದೇ ವೈರಸ್ ಅಲ್ಲ, 200ಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿನ ಮಾಮೂಲಿ ನರಹುಲಿಗೆ ಕಾರಣವಾಗುವ 2, 4, 27, 57ನೇ ಬಗೆಗಳು ಕ್ಯಾನ್ಸರಿಗೆ ತಿರುಗುವುದು ತೀರಾ ಅಪರೂಪ. ಅನುಮಾನವಿರುವುದು ಬೀಟಾ ಗುಂಪಿನ ಮೇಲೆ, ಅದರಲ್ಲೂ 5 ಮತ್ತು 8ರ ಮೇಲೆ. ಬೀಟಾ ಗುಂಪಿನವು ಬಹುತೇಕ ಎಲ್ಲರ ಚರ್ಮದಲ್ಲೂ ಚಿಕ್ಕಂದಿನಿಂದ ಸುಮ್ಮನೆ ಇರುತ್ತವೆ.

ಎಪಿಡರ್ಮೋಡಿಸ್ಪ್ಲೇಸಿಯಾ ವೆರುಸಿಫಾರ್ಮಿಸ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ಮಾತ್ರ ಈ ಗುಂಪಿಗೂ ಕ್ಯಾನ್ಸರಿಗೂ ನಂಟು ಗಟ್ಟಿ. ಅಂಥವರ ಮೈಮೇಲೆ ಚಪ್ಪಟೆ ನರಹುಲಿ ಹರಡಿ, ಬಿಸಿಲು ಬೀಳುವ ಹಣೆ, ಕೈಗಳಲ್ಲಿ ಕ್ಯಾನ್ಸರ್ ಆಗುತ್ತದೆ. ಉಳಿದವರಲ್ಲಿ ಇನ್ನೂ ಸಾಬೀತಾಗಿಲ್ಲ. ಬಿಸಿಲಿಗೆ ಕೋಶದ ಡಿಎನ್‌ಎ ಕೆಟ್ಟಾಗ ಅದನ್ನು ಸರಿಪಡಿಸುವ, ಇಲ್ಲವೇ ಆ ಕೋಶವನ್ನೇ ಸಾಯಿಸುವ ಕೆಲಸಕ್ಕೆ ಈ ವೈರಸ್ಸಿನ ಇ6 ಪ್ರೊಟೀನ್ ಅಡ್ಡಗಾಲು ಹಾಕುತ್ತದೆ. ಗಡ್ಡೆ ಬೆಳೆದ ಮೇಲೆ ನೋಡಿದರೆ ಅದರೊಳಗೆ ವೈರಸ್ ಸಿಗುವುದೇ ಕಡಿಮೆ. ಸಾಬೀತು ಮಾಡುವುದು ಕಷ್ಟವಾಗಿರುವುದು ಅದಕ್ಕೇ.

ತಂದೆಯವರ ವಿಷಯ ಬೇರೆ. ಕಸಿ ಉಳಿಯಲು ತೆಗೆದುಕೊಳ್ಳುವ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ನರಹುಲಿಯೂ ಹೆಚ್ಚು, ಸ್ಕ್ವಾಮಸ್ ಸೆಲ್ ಕ್ಯಾನ್ಸರಿನ (ಚರ್ಮದ ಮೇಲ್ಪದರದ ಕ್ಯಾನ್ಸರ್) ಅಪಾಯವೂ ಹೆಚ್ಚು. ಬಿಳಿ ಚರ್ಮದವರಷ್ಟು ನಮಗಿಲ್ಲ, ಆದರೆ ಕಂದು ಚರ್ಮದಲ್ಲಿ ಅದು ಬಿಸಿಲು ಕಾಣದ ತೊಡೆಸಂದಿ, ಜನನಾಂಗದಲ್ಲೂ ಹುಟ್ಟಬಹುದು. ಹಾಗಾಗಿ ತಿಂಗಳಿಗೊಮ್ಮೆ ಬೆಳಕಿನಲ್ಲಿ ಮೈಯೆಲ್ಲ ನೋಡಿಕೊಳ್ಳಲಿ. ವರ್ಷಕ್ಕೊಮ್ಮೆಯಾದರೂ ಚರ್ಮರೋಗ ತಜ್ಞರು ನೋಡಲಿ. ಹತ್ತಾರು ನರಹುಲಿಗಳ ನಡುವೆ ಒಂದು ಮಾತ್ರ ವಾರವಾರಕ್ಕೂ ದೊಡ್ಡದಾಗುತ್ತಿದೆ, ಬುಡ ಗಟ್ಟಿಯಾಗಿದೆ, ಒತ್ತಿದರೆ ನೋಯುತ್ತದೆ, ಹಕ್ಕಳೆ ಕಿತ್ತರೆ ರಕ್ತ ಬಂದು ಮತ್ತೆ ಕಟ್ಟುತ್ತದೆ ಎಂದಾದರೆ ಅದಕ್ಕೆ ಬಯಾಪ್ಸಿ ಆಗಲೇಬೇಕು. ಮರಗಟ್ಟಿಸುವ ಸೂಜಿ ಕೊಟ್ಟು 4 ಮಿ.ಮೀ. ತುಂಡು ತೆಗೆಯುತ್ತಾರೆ, ಅಷ್ಟೇ.

ಹೆದರಿ ಮಾತ್ರೆ ನಿಲ್ಲಿಸಬೇಡಿ, ಕಿಡ್ನಿಯೇ ಹೋದೀತು. ಆ ಮಾತ್ರೆಗಳಲ್ಲಿ ಅಜಥಯೋಪ್ರಿನ್ ಎಂಬುದು ನಡೆಯುತ್ತಿದ್ದರೆ ಅದು ಚರ್ಮವನ್ನು ಬಿಸಿಲಿಗೆ ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಬದಲಾಯಿಸಬಹುದೇ ಎಂದು ಕಿಡ್ನಿ ತಜ್ಞರನ್ನು ಕೇಳಿ. ತುಂಬುತೋಳಿನ ಅಂಗಿ, ಎಸ್‌ಪಿಎಫ್ 30ಕ್ಕೆ ಮೇಲ್ಪಟ್ಟ ಸನ್‌ಸ್ಕ್ರೀನ್ ಇರಲಿ. ಮುಖ, ಕತ್ತಿಗೆ ಎರಡು ಬೆರಳುದ್ದ ಬೇಕು. ಚೂರೇ ಚೂರು ಸವರಿದರೆ ಪ್ರಯೋಜನವಿಲ್ಲ.

ಇನ್ನು ಲಸಿಕೆ. ನಮ್ಮಲ್ಲಿ ತಯಾರಾಗುವ ಸೆರ್ವಾವ್ಯಾಕ್ ತಡೆಯುವುದು 6, 11, 16, 18ನೇ ಬಗೆಗಳನ್ನು. ಗಾರ್ಡಸಿಲ್ 9 ಲಸಿಕೆ ಇವುಗಳ ಜೊತೆಗೆ ಇನ್ನೈದನ್ನು. ಬೀಟಾ ಗುಂಪಾಗಲಿ, ಕೈಮೇಲಿನ ನರಹುಲಿಯದಾಗಲಿ ಎರಡರಲ್ಲೂ ಇಲ್ಲ. ಈ ನರಹುಲಿಗಾಗಿ ತಂದೆಗೆ ಹಾಕಿಸಬೇಕಿಲ್ಲ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಇದು, ಮಗಳಿಗೆ ಮಾತ್ರ ತಪ್ಪಿಸಬೇಡಿ.

ಪ್ರಶ್ನೆ: ವಯಸ್ಸು 54. ತೋರುಬೆರಳ ಉಗುರಿನಡಿ ಒಂದೇ ಒಂದು ನರಹುಲಿ, ಎರಡು ವರ್ಷದಿಂದ ಆಸಿಡ್ ಹಚ್ಚಿದರೂ ಹೋಗಿಲ್ಲ.
– ಓದುಗರು, ಗದಗ

ಉತ್ತರ: ಆಸಿಡ್ ಇವತ್ತೇ ನಿಲ್ಲಿಸಿ, ಇದೇ ವಾರ ಚರ್ಮರೋಗ ತಜ್ಞರಿಗೆ ತೋರಿಸಿ. ನಿಮ್ಮ ವಯಸ್ಸಿನಲ್ಲಿ ಒಂದೇ ಬೆರಳಿಗೆ ಹೀಗೆ ಅಂಟಿಕೊಂಡದ್ದು ಕ್ಯಾನ್ಸರ್ ಇರಬಹುದು. ಉಗುರಿನಡಿಯ ಕ್ಯಾನ್ಸರಿನಲ್ಲಿ ಎಚ್‌ಪಿವಿ 16 ಹಲವು ಸಲ ಸಿಗುತ್ತದೆ. ಉಗುರನ್ನು ಅಷ್ಟಿಷ್ಟು ಬಿಡಿಸಿ ಅಡಿಯಿಂದಲೇ ಬಯಾಪ್ಸಿ ತೆಗೆಯಬೇಕು, ಮೇಲಿನ ಸಿಪ್ಪೆ ಸಾಲದು. ಮೂಳೆಗೆ ಇಳಿದಿದೆಯೇ ಎಂದು ತಿಳಿಯಲು ಬೆರಳಿನ ಎಕ್ಸ್‌ರೇಯನ್ನೂ ಮಾಡಿಸಿ. ಮೂಳೆ ಮುಟ್ಟುವ ಮೊದಲೇ ಗೊತ್ತಾದರೆ ಸಾಮಾನ್ಯವಾಗಿ ಬೆರಳು ಉಳಿಯುತ್ತದೆ.