ತೆರೆದ ಕೂಡ್ಲೇ ಮಾಯ ಆಗೋ ಲಿಬ್ರೆಆಫೀಸ್

ಪ್ರಶ್ನೆ: ಸರ್ರ, ಗಂಗಾವತಿಯೊಳಗ ನಂದೊಂದು ಸಣ್ಣ ಟೈಪಿಂಗ್ ಅಂಗಡಿ ಐತಿ, ಮೊನ್ನೆ ಕೆಲಸ ಮಾಡುವಾಗ ಕರೆಂಟ್ ಹೋತು, ಅವತ್ತಿಂದ ವಿಂಡೋಸ್‌ನಾಗ ಪತ್ರ ಟೈಪ್ ಮಾಡೋ ಲಿಬ್ರೆಆಫೀಸ್ ಸಾಫ್ಟ್‌ವೇರ್ ಕ್ಲಿಕ್ ಮಾಡಿದ್ರ ಲೋಗೋ ಬಂದು ಲೋಡಿಂಗ್ ಗೆರಿ ಅರ್ಧಕ್ಕ ಹೋಗಿ ಮಾಯ ಆಗ್ತೈತಿ. ಎರಡು ಸಲ ತೆಗೆದು ಮತ್ತ ಇನ್‌ಸ್ಟಾಲ್ ಮಾಡಿದ್ರೂ ಅದೇ ಕಥಿ. ಮಂದಿ ಅರ್ಜಿ ಹಿಡ್ಕೊಂಡು ನಿಂತಾರ, ಏನ್ ಮಾಡ್ಲಿ?

ಉತ್ತರ: ಮತ್ತ ಇನ್‌ಸ್ಟಾಲ್ ಮಾಡಿದ್ರೂ ಸರಿ ಆಗಲಿಲ್ಲ ಅಂದ್ರಲ್ಲ, ಅದೇ ದೊಡ್ಡ ಸುಳಿವು ನೋಡ್ರಿ. ನಿಮ್ಮ ಸೆಟ್ಟಿಂಗ್ಸು, ಎಕ್ಸ್‌ಟೆನ್ಷನ್ನು ಎಲ್ಲಾ ಯೂಸರ್ ಪ್ರೊಫೈಲ್ ಅನ್ನೋ ಬ್ಯಾರೆ ಫೋಲ್ಡರ್‌ನಾಗ ಇರ್ತಾವು, ಸಾಫ್ಟ್‌ವೇರ್ ತೆಗೆದ್ರೂ ಅದು ಸಾಮಾನ್ಯವಾಗಿ ಹಂಗ ಉಳಿತೈತಿ, ಕರೆಂಟ್ ಹೋದಾಗ ಅದ್ರಾಗಿನ ಫೈಲ್ ಕೆಟ್ಟಿರಬೇಕು. ಸ್ಟಾರ್ಟ್ ಮೆನುದಾಗ ಲಿಬ್ರೆಆಫೀಸ್ ಸೇಫ್ ಮೋಡ್ ಅಂತ ಐತಿ, ಒತ್ರಿ, ಅದು ನಿಮ್ಮ ಹಳೇ ಪ್ರೊಫೈಲ್ ಬಿಟ್ಟು ಓಪನ್ ಮಾಡ್ತೈತಿ. ಅದ್ರಾಗ ಓಪನ್ ಆತಂದ್ರ ಪ್ರೊಫೈಲ್ ಮ್ಯಾಲೇ ಡೌಟು. ಆಗ ಪ್ರೋಗ್ರಾಮ್ ಬಂದ್ ಮಾಡಿ, ವಿಂಡೋಸ್ ಕೀ ಜೊತಿ ಆರ್ ಒತ್ತಿ, ಇಂಗ್ಲಿಷ್‌ನಾಗ %appdata% ಅಂತ ಟೈಪ್ ಮಾಡಿ ಎಂಟರ್ ಒತ್ರಿ, ಲಿಬ್ರೆಆಫೀಸ್ ಫೋಲ್ಡರ್ ಒಳಗ 4 ಅನ್ನೋ ಫೋಲ್ಡರ್, ಅದರೊಳಗ ಯೂಸರ್ (user) ಫೋಲ್ಡರ್, ಅದರ ಹೆಸರು ಬದಲು ಮಾಡ್ರಿ. ಡಿಲೀಟ್ ಮಾತ್ರ ಬ್ಯಾಡ್ರಿ! ನೀವು ಡಿಕ್ಷನರಿಗೆ ಸೇರಿಸಿದ ಕನ್ನಡ ಪದ, ಮಾಡಿಟ್ಟ ಟೆಂಪ್ಲೇಟ್ ಅಲ್ಲೇ ಇರ್ತಾವು, ಆಮ್ಯಾಲ ನಿಧಾನಕ್ಕ ತಗೋಬಹುದು. ಮುಂದಿನ ಸಲ ಓಪನ್ ಮಾಡಿದಾಗ ಹೊಸ ಪ್ರೊಫೈಲ್ ತಾನೇ ಆಗ್ತೈತಿ. ಸೇಫ್ ಮೋಡ್‌ನಾಗ ಓಪನ್ ಆಗಿ, ಹೊಸ ಪ್ರೊಫೈಲ್ ಆದ ಮ್ಯಾಲೂ ಹಂಗ ಮಾಯ ಆದ್ರ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ ನೋಡ್ರಿ.