ತುಮಕೂರು ವಿಶ್ವವಿದ್ಯಾಲಯದಂಥ ಕಡೆ ಹೊಸ ಎಂ.ಎಸ್ಸಿ. ಕೋರ್ಸ್ ಶುರುಮಾಡಲು ಕಡತ ಹೇಗೆ ಸಿದ್ಧಪಡಿಸಬೇಕು? ಪ್ರಸ್ತಾವನೆಗಳು ವಾಪಸ್ ಬರುವುದೇಕೆ?

ಪಠ್ಯಕ್ರಮ, ಬೋಧಕರ ಕಾರ್ಯಭಾರ, ಖರ್ಚಿನ ಅಂದಾಜು ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಬಹುತೇಕ ತಕರಾರು ಏಳುವುದು ಇಲ್ಲೇ.

ಕ್ರೆಡಿಟ್ಟಿನಿಂದ ಲೆಕ್ಕ ಆರಂಭಿಸಿ. ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್. ಪ್ರಾಯೋಗಿಕಕ್ಕಾದರೆ ಎರಡು ಗಂಟೆ ಬೇಕು. ಒಂದು ಸೆಮಿಸ್ಟರಿಗೆ 4 ಕ್ರೆಡಿಟ್ಟಿನ ನಾಲ್ಕು ಪತ್ರಿಕೆ ಇದ್ದರೆ 16 ಗಂಟೆ. 2 ಕ್ರೆಡಿಟ್ಟಿನ ಎರಡು ಪ್ರಾಯೋಗಿಕಗಳನ್ನು ವಿದ್ಯಾರ್ಥಿಗಳ ಎರಡು ಬ್ಯಾಚ್ ಮಾಡಿ ಬೇರೆಬೇರೆಯಾಗಿ ನಡೆಸಿದರೆ ಇನ್ನೂ 16. ಒಟ್ಟು 32. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಬೋಧನೆ, ಅಂದರೆ ಇಬ್ಬರು ಸಾಕು ಅನ್ನಿಸುತ್ತದೆ. ಆದರೆ ಎರಡನೇ ವರ್ಷ ಮೊದಲ ಮತ್ತು ಮೂರನೇ ಸೆಮಿಸ್ಟರ್ ಒಟ್ಟಿಗೆ ನಡೆಯುತ್ತವೆ. ಆಗ ಬೇಕಾಗುವುದು ನಾಲ್ವರು. ಖರ್ಚಿನ ಪಟ್ಟಿಯಲ್ಲಿ ಇಬ್ಬರದ್ದೇ ಸಂಬಳ ಇದ್ದರೆ ಹಣಕಾಸು ವಿಭಾಗ ಅಲ್ಲೇ ಹಿಡಿಯುತ್ತದೆ, ಹಿಡಿಯಲೂಬೇಕು. ಬ್ಯಾಚ್ ಮರೆತವರ ಲೆಕ್ಕವೂ ಹೀಗೇ ಕೆಡುತ್ತದೆ.

ಪದವಿಯ ಹೆಸರು ಯುಜಿಸಿ ಅಧಿಸೂಚಿಸಿದ ಪಟ್ಟಿಯಲ್ಲಿರಲಿ. ಹೊಸ ಹೆಸರು ಕಟ್ಟುವ ಉತ್ಸಾಹ ಬೇಡ.

ಕಡತ ಸಾಮಾನ್ಯವಾಗಿ ಅಧ್ಯಯನ ಮಂಡಳಿ (ಬೋರ್ಡ್ ಆಫ್ ಸ್ಟಡೀಸ್), ನಿಕಾಯ (ಫ್ಯಾಕಲ್ಟಿ), ವಿದ್ಯಾವಿಷಯಕ ಪರಿಷತ್ತು (ಅಕಾಡೆಮಿಕ್ ಕೌನ್ಸಿಲ್), ಸಿಂಡಿಕೇಟ್ ದಾಟಿ ಸಾಗುತ್ತದೆ. ಪ್ರತಿ ಹಂತದ ಸಹಿಯಾದ ನಡಾವಳಿಯನ್ನು ಮುಂದಿನದಕ್ಕೆ ಲಗತ್ತಿಸಿ. ಅಧ್ಯಯನ ಮಂಡಳಿ ಒಪ್ಪಿದ ಮೇಲೆ ಪತ್ರಿಕೆಯ ಶೀರ್ಷಿಕೆ ಬದಲಿಸಿದರೆ ನಡಾವಳಿಗೂ ಪಠ್ಯಕ್ರಮಕ್ಕೂ ಹೊಂದದೆ ಕಡತ ಮತ್ತೆ ಅಧ್ಯಯನ ಮಂಡಳಿಗೇ ಬರುತ್ತದೆ.