ಹಳೆಯ ಆಲ್ಬಂಗಳಿಂದ ಮನೆತನದ ಚರಿತ್ರೆ: ಮೊದಲು ಹೊಳೆಯ ಯಾವ ದಂಡೆ ಎಂದು ನೋಡಿ

ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಎರಡು ಹಳೆಯ ಆಲ್ಬಂಗಳು ದೊರೆತಿವೆ, ಹೆಚ್ಚಿನ ಫೋಟೋಗಳಿಗೆ ಹೆಸರಿಲ್ಲ, ಕೆಲವದರ ಹಿಂದೆ ಉರ್ದುವಿನಲ್ಲಿ ಏನೋ ಬರೆದಿದೆ, ಮನೆತನ ಮೂಲತಃ ಕೊಪ್ಪಳದ ಕಡೆಯದು, ಆಮೇಲೆ ಬಳ್ಳಾರಿಗೆ ಬಂದು ನೆಲೆಸಿತು ಎಂಬುದಷ್ಟೇ ಗೊತ್ತು ಎಂದು ಬರೆದಿದ್ದೀರಿ. ಇಷ್ಟನ್ನೇ ಹಿಡಿದು ಮನೆತನದ ಚರಿತ್ರೆಯನ್ನು ಕಟ್ಟಲು ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯವಿದೆ. ನಾನಿರುವುದು ಬಳ್ಳಾರಿಯಲ್ಲಿ, ತಂದೆಯ ಕಡೆಯವರು ಕೊಪ್ಪಳ ಸೀಮೆಯವರು, ಮತ್ತು ಇಂಥವೇ ಆಲ್ಬಂಗಳು ನನ್ನ ಪಾಲಿಗೂ ಬಂದಿವೆ. ಆ ಅನುಭವದ ಮೇಲೆ ಹೇಳುವುದಾದರೆ, ಮುಖ ಯಾರದು ಎಂದು ಹುಡುಕಲು ಹೊರಡುವ ಮೊದಲು ಫೋಟೋ ತುಂಗಭದ್ರೆಯ ಯಾವ ದಂಡೆಯದು ಎಂಬುದನ್ನು ಗೊತ್ತು ಮಾಡಿಕೊಳ್ಳಬೇಕು.

ಇಂದು ಸೇತುವೆಯ ಮೇಲೆ ಕೆಲವೇ ನಿಮಿಷಗಳಲ್ಲಿ ದಾಟುವ ಈ ಹೊಳೆ ಬಹುಕಾಲ ಎರಡು ಸರ್ಕಾರಗಳ ನಡುವಿನ ಗಡಿಯಾಗಿತ್ತು. 1800ರಲ್ಲಿ ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಬಳ್ಳಾರಿ ಸೇರಿತ್ತು. ಅಲ್ಲಿಂದ ಅದು ಮದ್ರಾಸಿನ ಆಡಳಿತದಲ್ಲಿದ್ದು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಆಚೆ ದಂಡೆಯಲ್ಲಿ ರಾಯಚೂರು ಹೈದರಾಬಾದ್ ಸಂಸ್ಥಾನದ ಜಿಲ್ಲೆಯಾಗಿತ್ತು, ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನ ಭಾರತಕ್ಕೆ ಸೇರಿ, 1956ರ ನವೆಂಬರ್ 1ರಂದು ಆ ಭಾಗವೂ ಮೈಸೂರು ರಾಜ್ಯಕ್ಕೆ ಬಂದಿತು. ಸಂಡೂರಂತೂ 1949ರವರೆಗೆ ಘೋರ್ಪಡೆಯವರ ಪ್ರತ್ಯೇಕ ಸಂಸ್ಥಾನವಾಗಿಯೇ ಇತ್ತು. ಹೀಗಾಗಿ ಒಂದೇ ಮನೆತನದ ಅಣ್ಣನ ಶಾಖೆ ಹೊಸಪೇಟೆಯಲ್ಲಿಯೂ ತಮ್ಮನ ಶಾಖೆ ಕೊಪ್ಪಳದಲ್ಲಿಯೂ ಇದ್ದರೆ, ಅವರ ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ಮಕ್ಕಳು ಕಲಿಯುತ್ತಿದ್ದ ಲಿಪಿ ಬೇರೆ. ಅದೆಲ್ಲ ಫೋಟೋದಲ್ಲಿ, ವಿಶೇಷವಾಗಿ ಅದರ ಬೆನ್ನ ಮೇಲೆ, ಉಳಿದುಕೊಂಡಿರುತ್ತದೆ.

ನಿಮ್ಮಲ್ಲಿರುವ ಉರ್ದು ಬರಹ ನನಗೆ ಬಹಳ ಆಸಕ್ತಿಯದೆನಿಸಿತು. ನಮ್ಮ ಆಲ್ಬಮ್ಮಿನಲ್ಲಿ ಚಿಕ್ಕಜ್ಜನ ಒಂದು ಫೋಟೋ ಇದೆ: ಕುತ್ತಿಗೆಯವರೆಗೂ ಗುಂಡಿ ಹಾಕಿದ ಶೇರ್ವಾಣಿ, ತಲೆಯ ಮೇಲೆ ರೂಮಿ ಟೋಪಿ, ಬೆತ್ತದ ಕುರ್ಚಿಯ ಬೆನ್ನಿನ ಮೇಲಿಟ್ಟ ಎಡಗೈ. ತಿರುವಿ ನೋಡಿದರೆ ನೇರಳೆ ಶಾಯಿಯಲ್ಲಿ ಸಹಿ, ಅದರ ಕೆಳಗೆ ನಾಲ್ಕು ಉರ್ದು ಅಂಕಿಗಳು. ಉರ್ದು ಬಾರದವರು ಈ ಅಂಕಿಗಳಲ್ಲಿ ಸುಲಭವಾಗಿ ಮೋಸ ಹೋಗುತ್ತಾರೆ, ಏಕೆಂದರೆ ನಮ್ಮ ಕಣ್ಣಿಗೆ ಸೊನ್ನೆಯಂತೆ ಕಾಣುವ ದುಂಡಗಿನ ಗುರುತು ಅಲ್ಲಿ ಐದು, ಬರಿಯ ಚುಕ್ಕೆಯೇ ಸೊನ್ನೆ. ಬಾಯ್ದೆರೆದು ಮೇಲಕ್ಕೆ ನೋಡುವ ಗುರುತು ಏಳು, ಅದೇ ತಲೆಕೆಳಗಾದರೆ ಎಂಟು. ಹಾಗೆ ಓದಿದಾಗ ದೊರೆತದ್ದು 1354. ಇದು ಹಿಜರಿಯಲ್ಲ, ಫಸಲಿ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷಗಣನೆ. ನಿಜಾಮರ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ಫಸಲಿ ವರ್ಷ ಅಕ್ಟೋಬರ್ ಸುಮಾರಿಗೆ ಆಜರ್ ತಿಂಗಳಿನಿಂದ ಆರಂಭವಾಗುತ್ತಿತ್ತು. ಅದಕ್ಕೆ 590 ಕೂಡಿಸಿದರೆ ವರ್ಷ ಆರಂಭವಾದ ಇಸವಿ, 591 ಕೂಡಿಸಿದರೆ ಮುಗಿದ ಇಸವಿ. ಅಲ್ಲಿಗೆ ಆ ಫೋಟೋ 1944–45ರದ್ದೆಂದಾಯಿತು. ಮುನಿರಾಬಾದಿನ ಕಡೆಯಿಂದಲೂ ಹೊಸಪೇಟೆಯ ಕಡೆಯಿಂದಲೂ ತುಂಗಭದ್ರಾ ಅಣೆಕಟ್ಟಿಗೆ ಶಂಕುಸ್ಥಾಪನೆಯಾದದ್ದು 1945ರ ಫೆಬ್ರವರಿಯಲ್ಲಿ. ಚಿಕ್ಕಜ್ಜ 'ಪ್ರಾಜೆಕ್ಟಿಗೆ' ಗುಮಾಸ್ತನಾಗಿ ಸೇರಿದ ಹೊಸದರಲ್ಲಿ ಫೋಟೋ ತೆಗೆಸಿದನೆಂದು ಮನೆಯಲ್ಲಿ ಹೇಳುತ್ತಿದ್ದ ಮಾತು ಇದರೊಂದಿಗೆ ಹೊಂದುತ್ತದೆ. ಮದ್ರಾಸಿನ ಕಂದಾಯ ಲೆಕ್ಕಗಳಲ್ಲಿಯೂ ಫಸಲಿ ಇತ್ತು, ಆದರೆ ಅಲ್ಲಿ ವರ್ಷ ಆರಂಭವಾಗುತ್ತಿದ್ದುದು ಜುಲೈಯಲ್ಲಿ ಎಂಬುದನ್ನು ನೆನಪಿನಲ್ಲಿಡಿ.

ಉಡುಪಿನಿಂದ ಜಾತಿ-ಮತವನ್ನು ನಿರ್ಣಯಿಸಲು ಹೋಗಬೇಡಿ. ರಾಯಚೂರು, ಕೊಪ್ಪಳಗಳ ಕಡೆ ಸರ್ಕಾರಿ ನೌಕರರು ಮತ್ತು ವಕೀಲರು, ಅವರು ಬ್ರಾಹ್ಮಣರಿರಲಿ, ಲಿಂಗಾಯತರಿರಲಿ, ಶೇರ್ವಾಣಿ ತೊಟ್ಟು ಫೋಟೋಗೆ ಕೂರುವುದು ಸಾಮಾನ್ಯವಾಗಿತ್ತು. ಅದೇ ಅಂತಸ್ತಿನ ಬಳ್ಳಾರಿಯವರು ಕೋಟು, ಪಂಚೆ, ರುಮಾಲಿನಲ್ಲಿ ಕಾಣಸಿಗುತ್ತಾರೆ. ಹೆಂಗಸರ ಇಳಕಲ್ ಸೀರೆ, ಖಣದ ಕುಪ್ಪಸಗಳಿಂದ ದಂಡೆ ಯಾವುದೆಂದು ತಿಳಿಯುವುದಿಲ್ಲ, ಅವು ಎರಡೂ ಕಡೆ ಇದ್ದವು.

ಸ್ಟುಡಿಯೋದ ಮೊಹರನ್ನು ನಂಬುವುದರಲ್ಲಿಯೂ ಎಚ್ಚರ ಬೇಕು. ನಿಮ್ಮ ಆಲ್ಬಮ್ಮಿನಲ್ಲಿ 1947–48ರ ಸುಮಾರಿನ ಫೋಟೋಗಳಿಗೆ ಗದಗಿನ ಅಥವಾ ಹೊಸಪೇಟೆಯ ಮೊಹರಿದ್ದರೆ ನಿಮ್ಮವರು ಆ ಊರಿನವರೆಂದು ಅರ್ಥವಲ್ಲ. ನಿಜಾಮರ ಪರವಾಗಿದ್ದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಯ ಆ ದಿನಗಳಲ್ಲಿ ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆಯ ಎಷ್ಟೋ ಕುಟುಂಬಗಳು ಗಡಿ ದಾಟಿ ಮುಂಬಯಿ ಮತ್ತು ಮದ್ರಾಸ್ ಪ್ರಾಂತಗಳ ಊರುಗಳಲ್ಲಿ ತಲೆಮರೆಸಿಕೊಂಡಿದ್ದವು. ನಿಜಾಮರ ಆಡಳಿತದ ವಿರುದ್ಧ ಹೋರಾಡಿದವರ, ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದ ಮುಂಡರಗಿ ಶಿಬಿರವಿದ್ದದ್ದೂ ಗಡಿಯಾಚೆಯೇ. ನಿಮ್ಮವರು ಬಳ್ಳಾರಿಗೆ ಬಂದದ್ದು ಇದೇ ಹೊತ್ತಿನಲ್ಲಿ ಇರಬಹುದೇ ಎಂದು ನಾನು ಮೊದಲು ಪರೀಕ್ಷಿಸುತ್ತೇನೆ. ಆಲ್ಬಮ್ಮಿನಲ್ಲಿ ಒಂದೆರಡು ವರ್ಷ ಒಂದು ಫೋಟೋವೂ ಇಲ್ಲದೆ, ಅನಂತರ ಬೇರೊಂದು ಊರಿನ ಸ್ಟುಡಿಯೋ ಕಾಣಿಸಿಕೊಂಡರೆ ಆ ಖಾಲಿ ಜಾಗವನ್ನೂ ಬರೆದಿಟ್ಟುಕೊಳ್ಳಿ. ಇನ್ನು ಹಿಂದೆ ಬಣ್ಣದ ಪರದೆ, ಅರ್ಧಚಂದ್ರ, ರಟ್ಟಿನ ವಿಮಾನಗಳಿದ್ದರೆ ಅದು ಬಹುಶಃ ಗವಿಮಠದ ಜಾತ್ರೆಗೋ ಹುಲಿಗಿಗೋ ಹೋದಾಗ ತೆಗೆಸಿದ್ದು. ಊರನ್ನು ಹೇಳುವ ಶಕ್ತಿ ಅದಕ್ಕಿಲ್ಲ.

ಕಾಗದವೂ ಕಾಲವನ್ನು ಹೇಳುತ್ತದೆ, ಒರಟಾಗಿ. ದಪ್ಪ ರಟ್ಟಿಗೆ ಅಂಟಿಸಿದ ಕಂದು ಛಾಯೆಯ ಚಿತ್ರವಾದರೆ ಹತ್ತೊಂಬತ್ತನೆಯ ಶತಮಾನದ ಕೊನೆ ಅಥವಾ ಇಪ್ಪತ್ತರ ಆರಂಭ. ಅಂಚನ್ನು ಅಲೆಯಲೆಯಾಗಿ ಕತ್ತರಿಸಿದ ಚಿಕ್ಕ ಪ್ರಿಂಟುಗಳು ಹೆಚ್ಚಾಗಿ ನಲವತ್ತರಿಂದ ಅರವತ್ತರ ದಶಕದವು. ಹಿಂದೆ 'ಇಂದು' ಎಂಬ ಮುದ್ರೆಯಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಕಾಗದ, ಅಲ್ಲಿ ಉತ್ಪಾದನೆ ಆರಂಭವಾದದ್ದು 1967ರಲ್ಲಿ, ಆದ್ದರಿಂದ ಆ ಪ್ರಿಂಟು ಅದಕ್ಕಿಂತ ಹಳೆಯದಲ್ಲ. ಹಳೆಯ ನೆಗೆಟಿವಿನಿಂದ ಆಮೇಲೆ ಹಾಕಿಸಿದ ಪ್ರಿಂಟೂ ಆಗಿರಬಹುದು, ಅದು ಬೇರೆ ಮಾತು.

ಆಲ್ಬಮ್ಮಿನಲ್ಲಿ ಜನ ಬೇಗ ಮಗುಚಿಹಾಕುವ, ಕೆಲವರು ಅಪಶಕುನವೆಂದು ಹರಿದೂ ಹಾಕುವ ಫೋಟೋಗಳೆಂದರೆ ಸಾವಿನ ಮನೆಯವು. ದಯವಿಟ್ಟು ಅವನ್ನು ತೆಗೆಯಬೇಡಿ. ನಮ್ಮ ಲಿಂಗಾಯತ ಮನೆಗಳಲ್ಲಿ ತೀರಿಕೊಂಡವರನ್ನು ಕೂಡಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಸುತ್ತಲೂ ಮನೆಮಂದಿ ಕುಳಿತು ಫೋಟೋ ತೆಗೆಸುವ ರೂಢಿಯಿತ್ತು, ಮತ್ತು ಎಷ್ಟೋ ಅಜ್ಜಿಯರ ಪಾಲಿಗೆ ಬದುಕಿನ ಮೊದಲ ಫೋಟೋ ಅದೇ ಆಗಿರುತ್ತಿತ್ತು. ಮದುವೆಯ ಗುಂಪಿನಲ್ಲಿ ಬೀಗರು, ನೆರೆಯವರು, ಕಂಡವರೆಲ್ಲ ಸೇರಿಕೊಂಡಿರುತ್ತಾರೆ; ಸಾವಿನ ಫೋಟೋದಲ್ಲಿ ಹಾಗಲ್ಲ. ಹೆಗಲ ಬಳಿ ಹಿರಿಯ ಮಗ, ಕಾಲ ಬಳಿ ಹೆಣ್ಣುಮಕ್ಕಳು, ಹಿಂದೆ ಅಣ್ಣತಮ್ಮಂದಿರು, ಹೀಗೆ ಬಳಗ ತಾನಾಗಿಯೇ ಹತ್ತಿರದವರು ಯಾರು, ದೂರದವರು ಯಾರು ಎಂದು ಸಾಲುಗಟ್ಟಿರುತ್ತದೆ. ನಮ್ಮಲ್ಲಿರುವ ಅಂಥದೊಂದು ಫೋಟೋದ ಎಡ ಅಂಚಿನಲ್ಲಿ ಸೆರಗನ್ನು ಬಾಯಿಗಿಟ್ಟುಕೊಂಡ ಹೆಂಗಸೊಬ್ಬಳಿದ್ದಾಳೆ. ಅವಳು ಸಿಂಧನೂರಿಗೆ ಕೊಟ್ಟ ಮಗಳೆಂದು ಗೊತ್ತಾದ ಮೇಲೆ, ಕಡಿದುಹೋಗಿದ್ದ ಒಂದು ಇಡೀ ಶಾಖೆ ನಮಗೆ ಮತ್ತೆ ದೊರೆಯಿತು. ಪುಣ್ಯತಿಥಿ ಮನೆಯಲ್ಲಿ ನಡೆದುಕೊಂಡು ಬಂದಿದ್ದರೆ ದಿನಾಂಕವೂ ಸಿಕ್ಕಂತೆಯೇ.

ಹಿರಿಯರನ್ನು ಕೇಳುವಾಗ 'ಇವರು ಯಾರು' ಎಂದು ಕೇಳಿದರೆ ಗೊತ್ತಿಲ್ಲ ಎಂಬ ಉತ್ತರವೇ ಹೆಚ್ಚು. 'ಈ ಕಟ್ಟೆ ಯಾರ ಮನೆಯದು, ಈ ಬೋರಮಾಳ ಈಗ ಯಾರ ಹತ್ತಿರವಿದೆ' ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ತಂದುಕೊಳ್ಳುವ ನಮ್ಮಲ್ಲಿ ಒಬ್ಬರೇ ವ್ಯಕ್ತಿ ಒಬ್ಬರಿಗೆ ಅತ್ತೆ, ಇನ್ನೊಬ್ಬರಿಗೆ ಅಕ್ಕ. ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವುದರಿಂದ ಬಸಪ್ಪನೂ ಮೂವರು, ನೀಲವ್ವನೂ ಮೂವರು. ಆದ್ದರಿಂದ ಹೇಳಿದವರು ಯಾರು, ಅವರಿಗೆ ಆ ವ್ಯಕ್ತಿ ಏನಾಗಬೇಕು ಎಂಬೆರಡನ್ನೂ ಬರೆಯದೆ ಬರಿಯ ಹೆಸರು ಬರೆದುಕೊಂಡರೆ ಮುಂದೆ ಎಲ್ಲವೂ ಗೋಜಲಾಗುತ್ತದೆ. ನಿಮ್ಮ ಮನೆತನಕ್ಕೆ ಹೆಳವರು ಇದ್ದರೆ, ಊರಿನ ಹಿರಿಯರಲ್ಲಿ ವಿಚಾರಿಸಿ ಅವರನ್ನು ಅವಶ್ಯ ಹುಡುಕಿ. ಎತ್ತಿನೊಂದಿಗೆ ಬಂದು ತಲೆಮಾರುಗಳನ್ನು ಹೇಳಿ ಕಾಳುಕಡಿ ಪಡೆದು ಹೋಗುತ್ತಿದ್ದ ಇವರಲ್ಲಿ ವಂಶಾವಳಿಯ ಬರಹಗಳೂ ಉಂಟು, ಮೂಲ ಊರು ಯಾವುದು, ಅಲ್ಲಿಂದ ಏಕೆ ಹೊರಟರು ಎಂಬುದೂ ಅದರಲ್ಲಿ ಬರುತ್ತದೆ. ಆದರೆ ಅವರ ವಂಶಾವಳಿ ಬಹುಮಟ್ಟಿಗೆ ಗಂಡಸರ ಸಾಲು. ಹೆಣ್ಣುಮಕ್ಕಳು ಇರುವುದು ಆಲ್ಬಮ್ಮಿನಲ್ಲಿ, ಹಾಗಾಗಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕಾಗುತ್ತದೆ.

ಮುಖಗಳಾಚೆಗಿನ ಹಿನ್ನೆಲೆಯನ್ನೂ ಬಿಡಬೇಡಿ. 1953ರ ಹೊತ್ತಿಗೆ ಜಲಾಶಯದಲ್ಲಿ ಹತ್ತಾರು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯಂಥ ಊರಿನ ಓಣಿಯೊಂದು ಯಾರದೋ ಮದುವೆ ಫೋಟೋದ ಹಿಂದೆ ಕಾಣುತ್ತಿದ್ದರೆ ಅದು ನಿಮ್ಮ ಮನೆಯ ಮಟ್ಟಿಗಿನ ವಸ್ತುವಲ್ಲ. ಕಟ್ಟಡ ಉಳಿದಿರುವ ಕಡೆ ಅದೇ ಜಾಗದಲ್ಲಿ ನಿಂತು ಮತ್ತೆ ಫೋಟೋ ತೆಗೆಯಿರಿ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಹಂಪಿಯ ಚಿತ್ರಗಳನ್ನು ಹಿಡಿದು ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಮಾಡಿದ್ದು ಇದನ್ನೇ. ಯಾವ ಕಂಬ ಬಿದ್ದಿದೆ, ಯಾವ ಗೋಡೆ ಹೊಸದು ಎಂಬುದು ಅದರಿಂದ ತಟ್ಟನೆ ತಿಳಿಯುತ್ತದೆ.

ದಂಡೆ ಖಚಿತವಾದ ಮೇಲೆ ಕಾಗದಪತ್ರಗಳ ದಾರಿಯೂ ಖಚಿತವಾಗುತ್ತದೆ. ನಿಜಾಮರ ಕಾಲದ ಕಡತಗಳಿಗೆ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರ, ಮದ್ರಾಸಿನ ಕಾಲದವಕ್ಕೆ ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರ. ಅಷ್ಟು ದೂರ ಹೋಗುವ ಮೊದಲು ತಾಲ್ಲೂಕು ಕಚೇರಿಯಲ್ಲಿ ಹೊಲದ ಹಳೆಯ ದಾಖಲೆ ಕೇಳಿ: ಕೊಪ್ಪಳದ ಕಡೆಯಾದರೆ ಸೇತ್‌ವಾರ್ ಮತ್ತು 1954–55ರ ಖಾಸ್ರಾ ಪಹಣಿ, ಬಳ್ಳಾರಿಯ ಕಡೆಯಾದರೆ ಸೆಟ್ಲ್‌ಮೆಂಟ್ ರಿಜಿಸ್ಟರ್ ಮತ್ತು ಅಡಂಗಲ್. ಅದರಲ್ಲಿನ ತಂದೆಯ ಹೆಸರು ಮೂವರು ಬಸಪ್ಪರ ಪೈಕಿ ನಿಮ್ಮವನು ಯಾರೆಂದು ತೀರ್ಮಾನಿಸುತ್ತದೆ.

ಈ ವಾರ ಮಾಡಬೇಕಾದದ್ದು ಮಾತ್ರ ಇಷ್ಟೇ. ಯಾವ ಫೋಟೋವನ್ನೂ ಕೀಳಬೇಡಿ, ಮೊದಲು ಪ್ರತಿ ಪುಟವನ್ನೂ ಇದ್ದಂತೆಯೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಏಕೆಂದರೆ ಯಾರ ಪಕ್ಕ ಯಾರನ್ನು ಅಂಟಿಸಿದ್ದಾರೆ ಎಂಬುದೂ ಸುಳಿವು. ಕಪ್ಪು ಹಾಳೆಯ ಆಲ್ಬಮ್ಮಿನಲ್ಲಿ ಮೂಲೆ ಸಿಕ್ಕಿಸಿದ ಫೋಟೋಗಳು ಸುಲಭವಾಗಿ ಹೊರಬರುತ್ತವೆ, ಅವುಗಳ ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಅಂಟುಹಾಳೆಯ ಆಲ್ಬಮ್ಮಿನಲ್ಲಿ ಬಿಗಿಯಾಗಿ ಕುಳಿತವನ್ನು ಅಲ್ಲಿಯೇ ಬಿಡಿ, ಚೌಕಟ್ಟಿನ ಗಾಜಿಗೆ ಅಂಟಿಕೊಂಡವನ್ನು ಬಿಡಿಸದೆ ಗಾಜಿನ ಮೇಲಿಂದಲೇ ಅವುಗಳ ಫೋಟೋ ತೆಗೆದುಕೊಳ್ಳಿ. ಲ್ಯಾಮಿನೇಶನ್ ಬೇಡವೇ ಬೇಡ. ಹೆಸರು ತಿಳಿದಂತೆಲ್ಲ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ, ಬಾಲ್‌ಪೆನ್ನಿನ ಗೆರೆ ಮುಂಭಾಗಕ್ಕೆ ಒತ್ತಿ ಮೂಡುತ್ತದೆ. ನಮ್ಮ ಬೇಸಿಗೆಯಲ್ಲಿ ಮಾಳಿಗೆಯ ಕೋಣೆಯ ತಗಡಿನ ಟ್ರಂಕು ಒಲೆಯಾಗುತ್ತದೆ, ಆದ್ದರಿಂದ ಆಲ್ಬಂಗಳನ್ನು ಕೆಳಗಿನ ನಡುಮನೆಯ ಕಪಾಟಿಗೆ ತನ್ನಿ. ಉರ್ದು ಬರಹವಿರುವ ಹಿಂಬದಿಗಳ ಚಿತ್ರವನ್ನು ಇಲ್ಲಿ ಹಾಕುವುದಾದರೆ, ಮುಂಭಾಗದ ಮುಖಗಳನ್ನು ಹಾಕದಿದ್ದರೂ ನಡೆಯುತ್ತದೆ, ಅಂಕಿಗಳನ್ನು ನಾನು ಓದಿ ಹೇಳಬಲ್ಲೆ.